ಮಳೆಗಾಲಕ್ಕೆ ಮೇಣದ ಕೊಪ್ಪೆ: ಮನೆಯಲ್ಲೇ ಮಾಡುವ ಕ್ರಮ



ಮಳೆ ಬಂತೆಂದು ತೋಟದ ಕೆಲಸ ನಿಲ್ಲುವುದಿಲ್ಲ. ಕಾಫಿ ಗಿಡದ ಬೇಡದ ಚಿಗುರು ತೆಗೆಯುವುದು, ಬುಡದ ಕಳೆ ಕೀಳುವುದು, ಹೊಸ ಗಿಡ ನೆಡುವುದು, ಅಡಿಕೆ ತೋಟದ ಬಸಿಗಾಲುವೆ ಬಿಡಿಸುವುದು, ಇವೆಲ್ಲ ಮೃಗಶಿರಾ ಮಳೆ ಹಿಡಿದ ಮೇಲಿನ ಕೆಲಸಗಳೇ.

ಕಳೆದ ವರ್ಷ ಪುನರ್ವಸು ಮಳೆಯ ಒಂದು ಬೆಳಿಗ್ಗೆ ನಾನು ಛತ್ರಿ ಹಿಡಿದು ತೋಟಕ್ಕೆ ಹೋದೆ. ನಮ್ಮಲ್ಲಿ ಬಹಳ ವರ್ಷದಿಂದ ಕೆಲಸ ಮಾಡುವ ಒಬ್ಬ ಅಜ್ಜಿ ಗೊಬ್ಬರದ ಚೀಲವನ್ನು ಕೊಪ್ಪೆ ಮಾಡಿ ತಲೆಗೆ ಹಾಕಿಕೊಂಡು ಕಳೆ ಕೀಳುತ್ತಿದ್ದರು. ಚೀಲದ ನೇಯ್ಗೆಯಲ್ಲಿ ನೀರು ಇಳಿದು ಬೆನ್ನೆಲ್ಲ ತೊಯ್ದಿತ್ತು. "ಒಂದು ಛತ್ರಿ ತರಬಾರದಿತ್ತಾ ಅಜ್ಜಿ?" ಎಂದೆ. "ಛತ್ರಿ ಹಿಡ್ಕಂಡ್ರೆ ಕುಡುಗೋಲು ಯಾರು ಹಿಡೀತಾರೆ ಗೌಡ್ರೆ?" ಎಂದರು. ಮರುದಿನ ಅವರು ಕೆಲಸಕ್ಕೆ ಬರಲಿಲ್ಲ. ಒಂದು ದಿನದ ಕೂಲಿ ಅವರಿಗೆ ಹೋಯಿತು. ಮಳೆಯಲ್ಲಿ ನಿಲ್ಲುವವರು ಬೇರೆ, ಮಳೆಯ ಬಟ್ಟೆ ಕೊಳ್ಳಬಲ್ಲವರು ಬೇರೆ ಎಂಬುದು ಆ ದಿನ ನನಗೆ ತಿಳಿಯಿತು. ಅಂದಿನಿಂದ ಮಾಡಿ ನೋಡಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ.

ಹಿಂದಿನವರ ಉಪಾಯ

ನಮ್ಮ ಹಿರಿಯರಿಗೆ ಕಂಬಳಿ ಕೊಪ್ಪೆಯಿತ್ತು. ನಾಟಿ ಮಾಡುವ ಹೆಂಗಸರಿಗೆ ಬಿದಿರು ಮತ್ತು ಎಲೆಯ ಗೊರಬಿತ್ತು. ಬಗ್ಗಿದ ಬೆನ್ನನ್ನು ಗೊರಬು ಪೂರ್ತಿ ಮುಚ್ಚುತ್ತಿತ್ತು, ಎರಡು ಕೈಯೂ ಬಿಡುವಾಗಿರುತ್ತಿದ್ದವು. ಉಣ್ಣೆಯು ತನ್ನ ತೂಕದ ಸುಮಾರು ಮೂರರಲ್ಲೊಂದು ಪಾಲು ತೇವವನ್ನು ಹೀರಿದರೂ ಮೈಗೆ ಅಷ್ಟಾಗಿ ಥಂಡಿ ತಟ್ಟುವುದಿಲ್ಲ. ಆದರೆ ಪೂರ್ತಿ ನೆನೆದ ಕಂಬಳಿ ಹೊರಲಾರದಷ್ಟು ಭಾರ. ಈಗ ಎಲ್ಲೆಡೆ ಪ್ಲಾಸ್ಟಿಕ್ ಹಾಳೆ ಬಂದಿದೆ. ಅದು ನೀರನ್ನು ಚೆನ್ನಾಗಿ ತಡೆಯುತ್ತದೆ, ನಿಜ. ಆದರೆ ಕಾಫಿ ರೆಕ್ಕೆಗೆ ಸಿಕ್ಕಿ ಬೇಗ ಹರಿಯುತ್ತದೆ, ಒಳಗೆ ಬೆವರು ನಿಲ್ಲುತ್ತದೆ, ಹರಿದರೆ ಎಸೆಯಬೇಕು. ಮೇಣ ಹಾಕಿದ ಹತ್ತಿ ಬಟ್ಟೆ ಮುಳ್ಳುಕಡ್ಡಿಗೆ ತಡೆಯುತ್ತದೆ. ಹರಿದರೆ ತೇಪೆ ಹಾಕಬಹುದು, ಮೇಣ ಸವೆದರೆ ಮತ್ತೆ ಬಳಿಯಬಹುದು.

ಮೇಣ ಮಾಡುವ ಕೆಲಸವೇನು?

ಕೆಸುವಿನ ಎಲೆಯ ಮೇಲೆ ನೀರು ಮುತ್ತಾಗಿ ಉರುಳುವುದನ್ನು ಎಲ್ಲರೂ ನೋಡಿದ್ದೇವೆ. ಎಲೆಯ ಮೈಮೇಲೆ ಕಣ್ಣಿಗೆ ಕಾಣದ ಮೇಣದ ಪದರವಿದೆ. ಹತ್ತಿಯ ಗುಣ ಇದಕ್ಕೆ ವಿರುದ್ಧ. ಅದರ ನೂಲು ನೀರನ್ನು ಎಳೆದುಕೊಳ್ಳುತ್ತದೆ. ನೂಲಿನ ಒಳಗೂ ನೇಯ್ಗೆಯ ಸಂದಿಗೂ ಮೇಣ ಇಳಿದರೆ ನೀರಿಗೆ ದಾರಿ ಸಿಗುವುದಿಲ್ಲ, ಹನಿಯಾಗಿ ಜಾರಿಹೋಗುತ್ತದೆ. ಆದ್ದರಿಂದ ಮೇಣ ಬಟ್ಟೆಯ ಮೇಲೆ ಕೂತರೆ ಸಾಲದು, ಒಳಗೆ ಇಳಿಯಬೇಕು. ಈ ಪಾಠದ ಮುಖ್ಯ ಅಂಶ ಇದೇ.

ಹಡಗಿನ ಜನ ಹಿಂದೆ ಬಟ್ಟೆಗೆ ಅಗಸೆ ಎಣ್ಣೆ ಬಳಿಯುತ್ತಿದ್ದರು. ಆ ಬಟ್ಟೆ ಕಾಲಕ್ರಮೇಣ ಹಳದಿಯಾಗಿ ಬಿರುಸಾಗುತ್ತಿತ್ತು. 1930ರ ದಶಕದ ಹೊತ್ತಿಗೆ ಬ್ರಿಟನ್ನಿನಲ್ಲಿ ಮೇಣದ ಹತ್ತಿ ಬಟ್ಟೆ ಬಳಕೆಗೆ ಬಂದಿತ್ತು. ಅಗಸೆ ಎಣ್ಣೆಯಲ್ಲಿ ಇನ್ನೊಂದು ಅಪಾಯವಿದೆ. ಎಣ್ಣೆ ಒರೆಸಿದ ಚಿಂದಿಯನ್ನು ಮುದ್ದೆಮಾಡಿ ಇಟ್ಟರೆ ಅದು ತಾನಾಗಿಯೇ ಬಿಸಿಯೇರಿ ಹೊತ್ತಿಕೊಳ್ಳಬಹುದು. ಆದ್ದರಿಂದ ನಾವು ಮೇಣವನ್ನಷ್ಟೇ ಬಳಸೋಣ.

ಬೇಕಾಗುವ ಸಾಮಾನು (ಒಂದು ಕೊಪ್ಪೆಗೆ)

1. ದಪ್ಪ ಹತ್ತಿಯ ಖಾಕಿ ಡ್ರಿಲ್ ಬಟ್ಟೆ, 58 ಅಂಗುಲ ಪನ್ನದ್ದು, ಒಂದೂಕಾಲು ಮೀಟರ್. ನೈಲಾನ್ ಬೆರೆತದ್ದು ಬೇಡ.
2. ಜೇನುಮೇಣ 100 ಗ್ರಾಂ.
3. ಪ್ಯಾರಾಫಿನ್ ಮೇಣ 100 ಗ್ರಾಂ. ಬಣ್ಣವಿಲ್ಲದ ಮೇಣದಬತ್ತಿಯಾದರೂ ಆದೀತು.
4. ಹಳೆಯ ತಗಡಿನ ಡಬ್ಬಿ, ಅದು ಕೂರುವಷ್ಟು ಅಗಲದ ಪಾತ್ರೆ, ಎರಡು ಅಂಗುಲದ ಬಣ್ಣದ ಬ್ರಷ್, ಹಳೆಯ ಪತ್ರಿಕೆಗಳು.

ಪ್ಯಾರಾಫಿನ್ ಒಂದನ್ನೇ ಬಳಿದರೆ ಮಡಿಕೆಯಲ್ಲಿ ಬಿರುಕು ಬಿಡುತ್ತದೆ. ಜೇನುಮೇಣ ಒಂದೇ ಆದರೆ ಅಂಟಂಟಾಗುತ್ತದೆ, ಖರ್ಚೂ ಹೆಚ್ಚು. ಸಮಪಾಲು ಬೆರೆಸಿದರೆ ಹದವಾಗಿರುತ್ತದೆ. ತುಡುವೆ ಪೆಟ್ಟಿಗೆ ಇಟ್ಟವರು ತುಪ್ಪ ತೆಗೆದ ಹಳೆಯ ಎರಿಗಳನ್ನು ಎಸೆಯಬಾರದು. ಬಿಸಿನೀರಿನಲ್ಲಿ ಕರಗಿಸಿ, ಬಟ್ಟೆಯಲ್ಲಿ ಸೋಸಿ, ಆರಲು ಬಿಟ್ಟರೆ ಮೇಣ ಮೇಲೆ ತೇಲಿ ಹೆಪ್ಪುಗಟ್ಟುತ್ತದೆ.

ಮಾಡುವ ಕ್ರಮ

ಮಳೆ ಹಿಡಿಯುವ ಮೊದಲು, ಏಪ್ರಿಲ್ ಮೇ ತಿಂಗಳ ಬಿಸಿಲಿನಲ್ಲೇ ಈ ಕೆಲಸ ಮುಗಿಸಬೇಕು.

ಮೊದಲು ಬಟ್ಟೆಯನ್ನು ಒಗೆದು ಗಂಜಿ ಪೂರ್ತಿ ಬಿಡಿಸಿ ಒಣಗಿಸಿ. ಪನ್ನವನ್ನು ಎರಡಾಗಿ ಮಡಿಸಿ, ಮೇಲಂಚನ್ನು ಮಾತ್ರ ಸೇರಿಸಿ ಹೊಲಿಯಿರಿ. ಮಡಿಕೆ ಬೆನ್ನಿಗೆ ಬರುತ್ತದೆ, ಮುಂದುಗಡೆ ತೆರೆದಿರುತ್ತದೆ, ನೆತ್ತಿಯ ಮೇಲೆ ಒಂದೇ ಹೊಲಿಗೆ. ನೀರು ಮೊದಲು ಇಳಿಯುವುದು ಸೂಜಿಯ ತೂತಿನಿಂದ. ಹೆಗಲಿನ ಮೇಲೆ ಹೊಲಿಗೆ ಇಲ್ಲದಿರುವುದೇ ಈ ಹಳೆಯ ಕೊಪ್ಪೆಯ ಜಾಣತನ.

ಪಾತ್ರೆಯಲ್ಲಿ ನೀರು ಕಾಯಿಸಿ, ಅದರೊಳಗೆ ಮೇಣದ ಡಬ್ಬಿ ಇಡಿ. ಜೇನುಮೇಣ ಕರಗಲು ಸುಮಾರು 64 ಡಿಗ್ರಿ ಸೆಲ್ಸಿಯಸ್ ಸಾಕು. ಕುದಿಯುವ ನೀರು 100 ಡಿಗ್ರಿ ದಾಟದ್ದರಿಂದ ಮೇಣ ಅತಿಯಾಗಿ ಕಾಯುವ ಭಯವಿಲ್ಲ. ಮೇಣಕ್ಕೆ ನೀರು ಬೀಳದಂತೆ ನೋಡಿಕೊಳ್ಳಿ.

ಬಟ್ಟೆಯನ್ನು ಹಲಗೆಯ ಮೇಲೆ ಹರಡಿ ಉರಿಬಿಸಿಲಿನಲ್ಲಿ ಬಿಸಿಯಾಗಲು ಬಿಡಿ. ಬಿಸಿಯಾದ ಬಟ್ಟೆಗೆ ಹೊರಮೈಯಲ್ಲಿ ತೆಳ್ಳಗೆ ಬಳಿಯಿರಿ. ತಣ್ಣನೆಯ ಬಟ್ಟೆಗೆ ಬಳಿದರೆ ಮೇಣ ಬಿಳಿ ಹಕ್ಕಳೆಯಾಗಿ ಮೇಲೇ ನಿಂತು ಉದುರುತ್ತದೆ. ನಂತರ ಕೆಳಗೊಂದು ಮೇಲೊಂದು ಪತ್ರಿಕೆ ಇಟ್ಟು ಹದವಾದ ಇಸ್ತ್ರಿ ಆಡಿಸಿದರೆ ಮೇಣ ನೂಲಿಗೆ ಇಳಿಯುತ್ತದೆ, ಹೆಚ್ಚಾದದ್ದನ್ನು ಕಾಗದ ಹೀರುತ್ತದೆ. ನೆತ್ತಿಯ ಹೊಲಿಗೆಗೆ ಎರಡು ಸಲ ಬಳಿಯಬೇಕು. ಎರಡು ದಿನ ನೆರಳಿನಲ್ಲಿ ತೂಗುಹಾಕಿ.

ಪರೀಕ್ಷೆ: ಬಟ್ಟೆಯನ್ನು ಗುಳಿಯಾಗಿ ಹಿಡಿದು ಒಂದು ಲೋಟ ನೀರು ಸುರಿದು ಅರ್ಧ ಗಂಟೆ ಬಿಡಿ. ಅಡಿಯಲ್ಲಿ ಹನಿ ಕಂಡರೆ ಆ ಜಾಗಕ್ಕೆ ಮತ್ತೆ ಬಳಿಯಿರಿ.

ಬೆಂಕಿಯ ವಿಷಯದಲ್ಲಿ ಎಚ್ಚರಿಕೆ

ಇದನ್ನು ಮನೆಯವರಿಗೆಲ್ಲ ಓದಿ ಹೇಳಿ. ಮೇಣದಬತ್ತಿಯಲ್ಲಿ ಇರುವುದೇನು? ನಡುವೆ ಹತ್ತಿಯ ಬತ್ತಿ, ಸುತ್ತ ಮೇಣ. ನಮ್ಮ ಕೊಪ್ಪೆಯಲ್ಲಿ ಇರುವುದೂ ಅದೇ. ನಾನು ಮಾಡಿದ ಮೊದಲ ಕೊಪ್ಪೆಯನ್ನು ಒಂದು ಸಂಜೆ ಒಣಗಲೆಂದು ಒಲೆಯ ಪಕ್ಕದ ಗೂಟಕ್ಕೆ ನೇತುಹಾಕಿದ್ದೆ. ಮೇಣ ಕರಗಿ ಕೆಂಡದ ಮೇಲೆ ತೊಟ್ಟಿಕ್ಕಿ ಭಗ್ಗೆಂದು ಉರಿಯೆದ್ದಿತು. ಮನೆಯವಳು ಅಲ್ಲೇ ಇದ್ದು ಕೊಪ್ಪೆಯನ್ನು ಎಳೆದು ಅಂಗಳಕ್ಕೆ ಎಸೆದದ್ದರಿಂದ ಉಳಿದೆವು. ಮಳೆಯಲ್ಲಿ ನೆನೆದು ಬಂದವರು ಮೊದಲು ಮಾಡುವ ಕೆಲಸವೇ ಒಲೆಯ ಮುಂದೆ ಕೂರುವುದು. ಆದ್ದರಿಂದ ಕೊಪ್ಪೆಯನ್ನು ಹೊರಗಿನ ಜಗಲಿಯಲ್ಲೇ ತೆಗೆದಿಟ್ಟು ಒಳಗೆ ಬರುವ ರೂಢಿ ಮಾಡಿಸಬೇಕು. ಕೊಪ್ಪೆ ಹಾಕಿಕೊಂಡು ಬೀಡಿ ಹಚ್ಚಬಾರದು.

ಮೇಣದ ಡಬ್ಬಿಯನ್ನು ನೇರವಾಗಿ ಉರಿಯ ಮೇಲೆ ಇಡಬಾರದು. ತೆಳ್ಳಗೆ ಮಾಡಲೆಂದು ಸೀಮೆಎಣ್ಣೆ, ಪೆಟ್ರೋಲ್, ಟರ್ಪೆಂಟೈನ್ ಬೆರೆಸಬಾರದು. ಮೇಣಕ್ಕೆ ಬೆಂಕಿ ಹತ್ತಿದರೆ ನೀರು ಎರಚಬಾರದು, ಉರಿ ಸಿಡಿದು ಹರಡುತ್ತದೆ. ಮುಚ್ಚಳ ಅಥವಾ ಒಣ ಮರಳು ಹಾಕಿ ಆರಿಸಬೇಕು. ಮಕ್ಕಳನ್ನು ದೂರವಿಡಿ.

ಎಲ್ಲಿ ಸಲ್ಲದು?

ನಮ್ಮ ಕಟ್ಟಾಯದ ಕಡೆಯ ಸೋನೆ ಮಳೆಗೆ ಈ ಕೊಪ್ಪೆ ಸಾಕು. ಬಿಸಲೆ ಕಡೆ ದಿನವಿಡೀ ಹೊಡೆಯುವ ಜಡಿಮಳೆಗೆ ಸಾಲದು, ಅಲ್ಲಿ ಪ್ಲಾಸ್ಟಿಕ್ ಅಥವಾ ರಬ್ಬರಿನದೇ ಬೇಕು. ಮರ ಹತ್ತುವವರಿಗೆ ಸಡಿಲ ಕೊಪ್ಪೆ ಕೂಡದು, ಕಾಲಿಗೆ ತೊಡರುತ್ತದೆ. ಔಷಧಿ ಸಿಂಪಡಿಸುವವರು ಇದನ್ನೇ ರಕ್ಷಣೆಯೆಂದು ನಂಬಬಾರದು. ಹಲವು ಕೀಟನಾಶಕಗಳಲ್ಲಿರುವ ಎಣ್ಣೆಯಂಥ ದ್ರಾವಕಕ್ಕೆ ಮೇಣ ಕರಗುತ್ತದೆ, ವಿಷ ಬಟ್ಟೆಯಲ್ಲೇ ಉಳಿಯುತ್ತದೆ.

ಜೋಪಾನ

ಸೋಪು, ಬಿಸಿನೀರು ಎರಡೂ ಬೇಡ. ಕೆಸರನ್ನು ತಣ್ಣೀರು ಹಾಕಿ ಬ್ರಷ್ಷಿನಿಂದ ಉಜ್ಜಿದರೆ ಸಾಕು. ಒದ್ದೆಯಾಗಿಯೇ ಮಡಿಸಿಟ್ಟರೆ ಬೂಷ್ಟು ಹಿಡಿಯುತ್ತದೆ, ಗಾಳಿಯಾಡುವಲ್ಲಿ ತೂಗುಹಾಕಿ. ಪ್ರತಿ ಬೇಸಿಗೆಯಲ್ಲಿ ನೆತ್ತಿ, ಹೆಗಲು, ಮಡಿಕೆಗಳಿಗೆ ಒಂದು ಸಲ ಮೇಣ ಬಳಿಯಿರಿ.

ಈ ಸಲದ ಬೇಸಿಗೆಯಲ್ಲಿ ನಾವು ಐದು ಕೊಪ್ಪೆ ಮಾಡಿದೆವು. ಮೊದಲನೆಯದನ್ನು ಆ ಅಜ್ಜಿಗೆ ಕೊಟ್ಟೆ. ಹಾಕಿ ನೋಡಿ, "ಜೇನಿನ ವಾಸ್ನೆ ಬತ್ತದೆ" ಎಂದು ನಕ್ಕರು. ತೋಟದಲ್ಲಿ ಎಷ್ಟು ಜನ ಮಳೆಯಲ್ಲಿ ನಿಲ್ಲುತ್ತಾರೋ ಅಷ್ಟು ಕೊಪ್ಪೆ ಮನೆಯಲ್ಲಿರಲಿ ಎಂಬುದೇ ಸದಸ್ಯ ಬಾಂಧವರಲ್ಲಿ ನನ್ನ ವಿನಂತಿ.