ರಾತ್ರಿ ನೀರು ಹಾಯಿಸುವವರ ಹಗಲು ನಿದ್ದೆ

ಯಾವಗಲ್ ಊರಿನ ರೈತಬಂಧುಗಳೇ, ರಾತ್ರಿ ತ್ರೀ ಫೇಸ್ ಕರೆಂಟು ಬಂದಾಗ ನೀರು ಹಾಯಿಸಿ, ಬೆಳಗ್ಗೆ ಮಲಗಿದರೆ ನಿದ್ದೆ ಹತ್ತುವುದಿಲ್ಲ ಎಂದಿದ್ದೀರಿ. ಇದು ನಿಮ್ಮ ಮನಸ್ಸಿನ ದೌರ್ಬಲ್ಯವಲ್ಲ.

ಮಿದುಳಿನ ನಡುವೆ ಕಡಲೆಕಾಳಿಗಿಂತ ಚಿಕ್ಕದಾದ ಪೀನಿಯಲ್ ಗ್ರಂಥಿಯಿದೆ. ಅದಕ್ಕೆ ಬೆಳಕು ನೇರವಾಗಿ ತಿಳಿಯದು. ಕಣ್ಣಿನ ಅಕ್ಷಿಪಟಲ ಮಿದುಳಿನ ಗಡಿಯಾರಕ್ಕೆ ಸುದ್ದಿ ಮುಟ್ಟಿಸುತ್ತದೆ. ಅಲ್ಲಿಂದ ಅಪ್ಪಣೆ ಬೆನ್ನುಹುರಿಗಿಳಿದು, ಕುತ್ತಿಗೆಯ ನರಗಂಟನ್ನು ಮುಟ್ಟಿ, ಮತ್ತೆ ಮೇಲೇರುತ್ತದೆ! ಕತ್ತಲಾದರೆ ಆ ನರಗಳು ನಾರ್‌ಅಡ್ರಿನಲಿನ್ ಎಂಬ ರಾಸಾಯನಿಕವನ್ನು ಸ್ರವಿಸುತ್ತವೆ. ಆಗ ಗ್ರಂಥಿಯು ತನ್ನಲ್ಲಿರುವ ಸೆರೊಟೋನಿನ್ನನ್ನು, ದೇಹಕ್ಕೆ ‘ರಾತ್ರಿಯಾಯಿತು, ಮಲಗು’ ಎಂದು ತಿಳಿಸುವ ಮೆಲಟೋನಿನ್ ಎಂಬ ಹಾರ್ಮೋನಾಗಿ ಮಾರ್ಪಡಿಸುತ್ತದೆ. 1958ರಲ್ಲಿ ಅಮೆರಿಕದ ಆರನ್ ಲರ್ನರ್ ಮೆಲಟೋನಿನ್ನನ್ನು ಬೇರ್ಪಡಿಸಿ ಹೆಸರಿಟ್ಟರು. ಬೆಳಕು ಬಿದ್ದರೆ, ಅದರಲ್ಲೂ ನೀಲಿ ಬೆಳಕು, ಅದರ ತಯಾರಿಕೆ ಬೇಗ ಕುಗ್ಗುತ್ತದೆ. ಹೊಲದಿಂದ ಮರಳುವಾಗ ಮುಖಕ್ಕೆ ಬೀಳುವ ಎಳೆಬಿಸಿಲು ‘ಹಗಲಾಯಿತು’ ಎಂದೇ ಗಡಿಯಾರಕ್ಕೆ ಸಾರುತ್ತದೆ.

ಎರಿ ಹೊಲದಲ್ಲಿ ಹಾವು ಚೇಳಿರುತ್ತವೆ. ಬ್ಯಾಟರಿ ಆರಿಸಿರೆಂದು ನಾನು ಹೇಳಲಾರೆ. ಬದುವಿನ ಮೇಲೆ ಕುಳಿತು ಮೊಬೈಲ್ ನೋಡುವುದನ್ನು ಮಾತ್ರ ಬಿಡಿ. ಮನೆಗೆ ನಡೆದು ಬರುವಾಗ ರುಮಾಲನ್ನು ಹಣೆಯ ಮೇಲೆ ಇಳಿಸಿಕೊಳ್ಳಿ. ಒಳಕೋಣೆಯ ಕಿಟಕಿಗೆ ದಪ್ಪ ಕೌದಿ ಕಟ್ಟಿ ಮಲಗಿ. ಬೆಳಗಿನ ಚಹಾ ಎದ್ದಮೇಲಿರಲಿ. ಮೆಲಟೋನಿನ್ ಗುಳಿಗೆಯನ್ನು ವೈದ್ಯರನ್ನು ಕೇಳದೆ ನುಂಗಬೇಡಿ. ಕರೆಂಟಿನ ಪಾಳಿ ಹಗಲಿಗೆ ಬಂದ ವಾರ, ರಾತ್ರಿ ನಿದ್ದೆಗೆ ಮರಳಲು ದೇಹಕ್ಕೆ ಮೂರ್ನಾಲ್ಕು ದಿನ ಕೊಡಿ.