ಯಂತ್ರಕ್ಕೆ ಸಾಲ ಸಿಕ್ಕಿತು, ಜೋಳಕ್ಕೆ?

ಜೋಳದ ರೊಟ್ಟಿ ಘಟಕ ಹಾಕಬೇಕೆಂದಿದ್ದೀರಾ? ಬ್ಯಾಂಕಿಗೆ ಹೋಗುವ ಮುಂಚೆ ಯಂತ್ರದ ಖರ್ಚು ಬೇರೆ, ದಿನದ ವಹಿವಾಟಿನ ಖರ್ಚು ಬೇರೆ ಬರೆದುಕೊಳ್ಳಿ. ಬಹಳಷ್ಟು ಮಂದಿ ಎಡವುವುದು ಎರಡನೆಯದರಲ್ಲಿ. ಅಂಗಡಿಯವರು ರೊಟ್ಟಿ ಇವತ್ತು ಒಯ್ದು ತಿಂಗಳ ಮೇಲೆ ದುಡ್ಡು ಕೊಡುತ್ತಾರೆ. ಜೋಳದ ಬಾಕಿ, ಕರೆಂಟ್ ಬಿಲ್, ರೊಟ್ಟಿ ಬಡಿಯುವ ಹೆಣ್ಣುಮಕ್ಕಳ ಕೂಲಿ ಅಲ್ಲಿವರೆಗೆ ಕಾಯುವುದಿಲ್ಲ. ಹಾಗಾಗಿ ಯಂತ್ರಕ್ಕೆ ಅವಧಿ ಸಾಲ, ದುಡಿಯುವ ಬಂಡವಾಳಕ್ಕೆ ಸಿಸಿ (ಕ್ಯಾಶ್ ಕ್ರೆಡಿಟ್) ಖಾತೆ, ಎರಡನ್ನೂ ಒಟ್ಟಿಗೇ ಕೇಳಿ.

ಮುದ್ರಾ ಯೋಜನೆಯಲ್ಲಿ ಅಡಮಾನ ಬೇಕಿಲ್ಲ: ಶಿಶು 50 ಸಾವಿರದವರೆಗೆ, ಕಿಶೋರ 5 ಲಕ್ಷ, ತರುಣ 10 ಲಕ್ಷ. ತರುಣ ಸಾಲ ಸರಿಯಾಗಿ ತೀರಿಸಿದವರಿಗೆ ವಿಸ್ತರಣೆಗೆಂದು 20 ಲಕ್ಷದವರೆಗೂ ದಾರಿಯಿದೆ.

ಸಬ್ಸಿಡಿ ನಂಬಿ ಮಾತ್ರ ಹೊರಡಬೇಡಿ. ಪ್ರಧಾನಮಂತ್ರಿ ಉದ್ಯೋಗ ಸೃಷ್ಟಿ ಯೋಜನೆಯಲ್ಲಿ (ಪಿಎಂಇಜಿಪಿ) ಆ ಹಣ ಕೈಗೆ ಬರುವುದಿಲ್ಲ, 3 ವರ್ಷ ಬ್ಯಾಂಕಿನಲ್ಲೇ ಠೇವಣಿಯಾಗಿರುತ್ತದೆ. ಘಟಕ ನಡೆಯುತ್ತಿದ್ದರೆ ಆಮೇಲೆ ಸಾಲಕ್ಕೆ ಜಮೆಯಾಗುತ್ತದೆ. ಅಲ್ಲಿವರೆಗಿನ ಕಂತು ನಿಮ್ಮ ವ್ಯಾಪಾರದಿಂದಲೇ ಹುಟ್ಟಬೇಕು.

ಸಣ್ಣ ಉದ್ದಿಮೆಗಳ ಉದ್ಯಮ್ ನೋಂದಣಿಗೆ ಶುಲ್ಕವೇ ಇಲ್ಲ. ದಲ್ಲಾಳಿಗೆ ದುಡ್ಡು ಕೊಡಬೇಡಿ. ಮಾರಾಟದ ಹಣವನ್ನು ಇಂದಿನಿಂದಲೇ ಖಾತೆಯ ಮೂಲಕ ಓಡಿಸಿ. ಮ್ಯಾನೇಜರ್ ಮೊದಲು ತಿರುವಿ ನೋಡುವುದು ಆ ಪಾಸ್‌ಬುಕ್ಕನ್ನೇ.