ಒಲೆ ಮೊದಲು, ಕಡಾಯಿ ಆಮೇಲೆ

ಕುಷ್ಟಗಿಯಲ್ಲಿ ಬೆಲ್ಲದ ಗಾಣ ಹಾಕುತ್ತೇನೆ ಅಂದಾಗ ಊರವರು ನಕ್ಕಿದ್ದರಲ್ಲಿ ತಪ್ಪೇನಿಲ್ಲ. ಇದು ಸಜ್ಜೆ, ಜೋಳ, ತೊಗರಿ, ಶೇಂಗಾದ ಸೀಮೆ. ಈಚೆಗೆ ಒಂದಿಷ್ಟು ದಾಳಿಂಬೆ. ತುಂಗಭದ್ರೆಯ ಕಾಲುವೆ ಗಂಗಾವತಿಯ ಗದ್ದೆಗಳಿಗೆ ಹರಿಯುತ್ತದೆ. ನಮ್ಮ ಹೊಲಕ್ಕೆ ಮುಗಿಲೇ ಗತಿ, ಇಲ್ಲವೇ ಬೋರು. ಬೋರು ನಂಬಿ ನಾನು ಹಾಕಿದ್ದು ತುಸುವೇ ಕಬ್ಬು. ಅಷ್ಟಕ್ಕೆ ಕಾರ್ಖಾನೆಯ ಲಾರಿಯೂ ಬರುವುದಿಲ್ಲ, ಕಡಿಯುವ ಗ್ಯಾಂಗೂ ಬರುವುದಿಲ್ಲ. ಬೆಳೆದವನೇ ಅರೆದು, ಕಾಸಿ, ಬೆಲ್ಲ ಮಾಡಿ ಮಾರಬೇಕು.

ಗಾಣ ನೋಡಲು ಬರುವವರು ಮೊದಲು ಕೇಳುವುದು ಒಂದೇ: ಕಡಾಯಿ ಎಷ್ಟಕ್ಕೆ ತಂದಿರಿ? ಎಲ್ಲರ ಕಣ್ಣು ಹೊಳೆಯುವ ಕಡಾಯಿಯ ಮೇಲೆ, ಇಲ್ಲವೇ ಗಾಣದ ಗಾಲಿಗಳ ಮೇಲೆ. ನನ್ನ ಲಕ್ಷ್ಯವನ್ನು ಬೇರೆ ಕಡೆ ತಿರುಗಿಸಿದವರು ಮಹಾಲಿಂಗಪುರದ ಕಡೆಯ ಹಿರಿಯರೊಬ್ಬರು. ಬೆಲ್ಲಕ್ಕೆ ಹೆಸರಾದ ಆ ಊರಿನ ಸುತ್ತಮುತ್ತ ಒಲೆ ಕಟ್ಟುವುದರಲ್ಲೇ ಆಯುಷ್ಯ ಕಳೆದವರು. "ತಮ್ಮಾ, ಕಡಾಯಿ ಪ್ಯಾಟ್ಯಾಗ ಸಿಗ್ತೈತಿ. ಒಲಿ ಸಿಗಂಗಿಲ್ಲ. ಅದನ್ನ ನಿನ್ನ ಹೊಲದಾಗ, ನಿನ್ನ ಗಾಳಿ ನೋಡಿ ಕಟ್ಟಬೇಕು" ಅಂದರು.

ಲೆಕ್ಕ ಹಾಕಿ ನೋಡಿದರೆ ಅವರ ಮಾತಿನ ತೂಕ ತಿಳಿಯುತ್ತದೆ. ಒಂದು ಟನ್ ಕಬ್ಬು ಅರೆದರೆ 600ರಿಂದ 650 ಕಿಲೋ ರಸ. ಅದರಿಂದ ಕೈಗೆ ಬರುವ ಬೆಲ್ಲ ನೂರು ಕಿಲೋದ ಮೇಲೆ ಸ್ವಲ್ಪ. ಉಳಿದ 500 ಕಿಲೋದಷ್ಟು ನೀರನ್ನು ಹಬೆ ಮಾಡಿ ಮುಗಿಲಿಗೆ ಕಳಿಸಬೇಕು. ಕುದಿಯುತ್ತಿರುವ ಒಂದು ಕಿಲೋ ನೀರು ಹಬೆಯಾಗಲು ಸುಮಾರು 540 ಕಿಲೋಕ್ಯಾಲೊರಿ ಶಾಖ ಬೇಕು; ಅದನ್ನು ಕುದಿಯ ತನಕ ತರಲು ಬೇಕಾದದ್ದು ಅದರ ಏಳನೇ ಒಂದು ಪಾಲು ಅಷ್ಟೇ. ಅಂದರೆ ಗಾಣದ ಸಂಸಾರವೆಲ್ಲ ಉರುವಲಿನ ಮೇಲೆ ನಿಂತಿದೆ. ಒಲೆ ಸರಿಯಿದ್ದರೆ ಅರೆದ ಕಬ್ಬಿನ ಸಿಪ್ಪೆಯೇ ಒಣಗಿ ಉರುವಲಾಗಿ, ಆ ಕಬ್ಬಿನ ರಸ ಕಾಸಲು ಸಾಕಾಗುತ್ತದೆ. ಒಲೆ ಕೆಟ್ಟಿದ್ದರೆ ತೊಗರಿ ಕಟ್ಟಿಗೆ, ಜಾಲಿ ಕಟ್ಟಿಗೆ ಕೊಂಡು ತಂದು ಸುರಿಯುತ್ತಿರಬೇಕು. ಕೆಲವೆಡೆ ಹಳೇ ಟೈರು ಸುಡುವುದೂ ಉಂಟು. ಬಾಯಿಗೆ ಹಾಕಿಕೊಳ್ಳುವ ಪದಾರ್ಥ ಕುದಿಯುವ ಜಾಗದಲ್ಲಿ ಟೈರಿನ ಹೊಗೆ ಎಬ್ಬಿಸುವವರ ಬೆಲ್ಲ ನನಗೆ ಬೇಡ.

ಮೊದಲು ಜಾಗ. ಕಪ್ಪು ಎರಿ ನೆಲ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದರ ಮೇಲೆ ಕಟ್ಟಿದ ಒಲೆಯೂ ಬಿರಿಯುತ್ತದೆ. ಹಾಗಾಗಿ ಬಾವಿಗೆ ಹತ್ತಿರವಿದ್ದ ಎರಿ ಹೊಲ ಬಿಟ್ಟು ಮೇಲಿನ ಕೆಂಪು ಮಸಾರಿಯಲ್ಲೇ ಒಲೆಯ ಗುಂಡಿ ತೆಗೆಸಿದೆ. ಕಡಾಯಿಯ ಅಂಚು ಹೆಚ್ಚುಕಡಿಮೆ ನೆಲಮಟ್ಟಕ್ಕೆ ಬರಬೇಕು. ಪಾಕ ತುಂಬಿದ ಭಾರವನ್ನು ಎತ್ತರದಿಂದ ಇಳಿಸುವ ಸಾಹಸ ಯಾರಿಗೂ ಬೇಡ. ಗೋಡೆಗೆ ಗ್ರ್ಯಾನೈಟ್ ಕಲ್ಲೇ ಬಳಸೋಣ, ಬೇಕಾದಷ್ಟಿದೆ ಎಂದು ಗೌಂಡಿ ಹಟ ಹಿಡಿದ. ನಮ್ಮ ಸುತ್ತ ಕಲ್ಲಿಗೇನು ಬರ? ಆದರೆ ನೇರ ಬೆಂಕಿ ತಗುಲಿದರೆ ಗ್ರ್ಯಾನೈಟ್ ಪದರ ಪದರವಾಗಿ ಸಿಡಿಯುತ್ತದೆ. ಒಳಗಿನ ಹರಳುಗಳು ಕಾವಿಗೆ ಒಂದೊಂದು ಒಂದೊಂದು ಬಗೆಯಲ್ಲಿ ಹಿಗ್ಗುತ್ತವೆ. ಕಲ್ಲು ಹೊರಗೋಡೆಗೆ ಹೋಯಿತು, ಬೆಂಕಿಯ ಮಗ್ಗುಲಿಗೆ ಬೆಂಕಿ ಇಟ್ಟಿಗೆ ಬಂತು. ಸಂದಿಗೆ ಸಿಮೆಂಟ್ ಬೇಡ, ಮಣ್ಣಿನ ಗಾರೆಯೇ ಬೇಕು. ಕಾವಿಗೆ ಸಿಮೆಂಟ್ ಉದುರುತ್ತದೆ. ಮಣ್ಣು ಸುಟ್ಟು ಗಟ್ಟಿಯಾಗುತ್ತದೆ, ಬಿರಿದರೂ ಮರುದಿನ ಮೆತ್ತಬಹುದು.

ಇನ್ನು ಗಾಳಿ. ಸಿಪ್ಪೆ ಹಗುರ, ಭರ್ರನೆ ಉರಿದು ಮುಗಿಯುತ್ತದೆ. ಅದನ್ನು ನೆಲದ ಮೇಲೆ ಗುಡ್ಡೆ ಹಾಕಿ ಉರಿಸಿದರೆ ಅರ್ಧ ಹೊಗೆಯಾಗಿಯೇ ಹೋಗುತ್ತದೆ. ಬೀಡಿನ ಸಳಿಗಳ ಜಾಲರಿಯ ಮೇಲೆ ಉರಿಸಬೇಕು, ಕೆಳಗೆ ಬೂದಿಗುಂಡಿ, ಆ ಗುಂಡಿಯ ಬಾಯಿಂದ ಗಾಳಿ. ಈ ಬಾಯಿಗೆ ತಗಡಿನ ಬಾಗಿಲು ಇರಲೇಬೇಕು. ನಮ್ಮಲ್ಲಿ ಪಡುವಣ ಗಾಳಿ ಬೀಸುವಾಗ ಒಲೆ ಹಸಿದ ಎತ್ತಿನ ಹಾಗೆ ಸಿಪ್ಪೆ ನುಂಗುತ್ತದೆ. ರಸಕ್ಕೆ ತಾಗಬೇಕಾದ ಕಾವೆಲ್ಲ ಚಿಮಣಿಯಲ್ಲಿ ಹಾರಿಹೋಗುತ್ತದೆ. ಚಿಮಣಿ ಎತ್ತರವಾದಷ್ಟೂ ಎಳೆತ ಜಾಸ್ತಿ, ಆದರೆ ಎಳೆತವನ್ನು ತಡೆಯುವ ಅಡ್ಡತಗಡು ಇಲ್ಲದಿದ್ದರೆ ಎತ್ತರವೇ ಶತ್ರು. ಹೊಗೆಯ ಬಣ್ಣ ನೋಡಲು ಕಲಿತದ್ದು ಆಗಲೇ. ಕಪ್ಪು ಹೊಗೆ ಬಂದರೆ ಗಾಳಿ ಸಾಲದು, ಇಲ್ಲವೇ ಸಿಪ್ಪೆ ಹಸಿ. ಹೊಗೆಯೇ ಕಾಣದೆ ಚಿಮಣಿಯ ಬುಡ ಕೈ ಇಡಲಾಗದಷ್ಟು ಸುಡುತ್ತಿದ್ದರೆ ಗಾಳಿ ಹೆಚ್ಚಾಯಿತು.

ಆ ಹಾರಿಹೋಗುವ ಕಾವನ್ನು ಹಿಡಿಯಲು ಲಖನೌದ ಭಾರತೀಯ ಕಬ್ಬು ಸಂಶೋಧನಾ ಸಂಸ್ಥೆಯವರು ಎರಡು, ಮೂರು ಕಡಾಯಿಗಳ ಒಲೆ ರೂಪಿಸಿದ್ದಾರೆ: ಚಿಮಣಿಗೆ ಹೋಗುವ ಬಿಸಿಗಾಳಿ ದಾರಿಯಲ್ಲೇ ಮುಂದಿನ ಸರದಿಯ ರಸವನ್ನು ಬಿಸಿ ಮಾಡಿ ಹೋಗುತ್ತದೆ. ನಾನು ಎರಡಕ್ಕೇ ನಿಲ್ಲಿಸಿದೆ.

ಟೊರಾಂಟೊದಲ್ಲಿರುವ ಅಕ್ಕನ ಮಗ ಕೊಪ್ಪಳದ ಗವಿಮಠದ ಜಾತ್ರೆಗೆ ಬಂದವನು ಒಲೆ ನೋಡಿ, "ಮಾಮಾ, ಅಲ್ಲೂ ಇಂಥಾದ್ದ ಇರ್ತೈತಿ" ಅಂದ. ಅಲ್ಲಿ ಚಳಿಗಾಲ ಮುಗಿಯುವಾಗ ಮೇಪಲ್ ಮರಕ್ಕೆ ತೂತು ಕೊರೆದು ರಸ ಇಳಿಸುತ್ತಾರೆ. ಅದರಲ್ಲಿ ಸಕ್ಕರೆ ನೂರಕ್ಕೆ ಎರಡರಷ್ಟು. 40 ಲೀಟರ್ ಕಾಸಿದರೆ ಒಂದು ಲೀಟರ್ ಪಾಕ. ನಮ್ಮ ಕಬ್ಬಿನ ರಸದಲ್ಲಿ ಹದಿನೆಂಟೋ ಇಪ್ಪತ್ತೋ ಇರುವಾಗ ನಾವು ಉರುವಲಿಗೆ ಅಳುತ್ತೇವಲ್ಲ! ಅವರ ಒಲೆಯ ಹಿಂಬದಿಯ ಕಡಾಯಿಯ ತಳ ಸಪಾಟಾಗಿರುವುದಿಲ್ಲ, ಆಳವಾದ ಮಡಿಕೆಗಳು ಬಿಸಿಗಾಳಿಯೊಳಕ್ಕೆ ಇಳಿಬಿದ್ದಿರುತ್ತವೆ. ಪಾಕ ಗಟ್ಟಿಯಾಗುವ ನಮ್ಮ ಕಡಾಯಿಗೆ ಅದು ಹೊಂದದು, ತಳ ಹತ್ತುತ್ತದೆ. ಆದರೆ ಅವನು ಹೇಳಿದ ಇನ್ನೊಂದು ಮಾತು ಕೆಲಸಕ್ಕೆ ಬಂತು: ಅವರು ದಿನಾ ಬೆಳಿಗ್ಗೆ ಥರ್ಮಾಮೀಟರನ್ನು ಕುದಿಯುವ ನೀರಿಗೆ ಹಾಕಿ ನೋಡುತ್ತಾರೆ, ಅಲ್ಲಿಂದ ಮೇಲಕ್ಕೆ ಎಷ್ಟು ಡಿಗ್ರಿ ಎಂದು ಎಣಿಸುತ್ತಾರೆ. ಸಮುದ್ರಮಟ್ಟಕ್ಕಿಂತ ಎತ್ತರದ ನಮ್ಮೂರಲ್ಲಿ ನೀರು 100ಕ್ಕೆ ಮುಟ್ಟುವ ಮುಂಚೆಯೇ ಕುದಿಯುತ್ತದೆ. ಅಚ್ಚುಬೆಲ್ಲಕ್ಕೆ 116ರಿಂದ 118 ಡಿಗ್ರಿ ಎಂದು ಪುಸ್ತಕದಲ್ಲಿರುವುದನ್ನು ಇಲ್ಲಿ ನೀರಿನ ಕುದಿ 100ಕ್ಕಿಂತ ಎಷ್ಟು ಕಡಿಮೆಯೋ ಅಷ್ಟು ಇಳಿಸಿಕೊಳ್ಳಬೇಕು. ಹಿರಿಯರು ಥರ್ಮಾಮೀಟರಿನ ಕಡೆ ತಿರುಗಿಯೂ ನೋಡಲಿಲ್ಲ. ತಣ್ಣೀರಿಗೆ ಪಾಕದ ಹನಿ ಬಿಟ್ಟು ಬೆರಳಲ್ಲಿ ಉಂಡೆ ಕಟ್ಟಿ ನೋಡುತ್ತಿದ್ದರು. ಎರಡೂ ಒಂದೇ ಹೊತ್ತಿಗೆ ಬಂದು ನಿಂತವು.

ಕಡಾಯಿ ಕೂರಿಸುವುದು ಚಿಕ್ಕ ಕೆಲಸ. ನೀರು ತುಂಬಿ ಅಂಚಿನಿಂದ ಸುತ್ತಲೂ ಅಳೆದರೆ ಮಟ್ಟ ತಿಳಿಯುತ್ತದೆ. ಓರೆಯಿದ್ದರೆ ರಸ ತೆಳುವಾಗಿ ನಿಂತ ಕಡೆ ಸೀಯುತ್ತದೆ. ಕಬ್ಬಿಣದ ಕಡಾಯಿಯೇ, ಸ್ಟೀಲೇ ಎಂಬ ಚರ್ಚೆ ಮುಗಿಯುವಂಥದ್ದಲ್ಲ. ಕಬ್ಬಿಣಕ್ಕೆ ಕಾವು ಬೇಗ ಏರುತ್ತದೆ, ರಸ ಕಪ್ಪಾಗುತ್ತದೆ. ಸ್ಟೀಲು ನಿಧಾನ, ಬಣ್ಣ ಉಳಿಯುತ್ತದೆ. ನಾನು ಸ್ಟೀಲು ಹಾಕಿದೆ. ಹೊಸ ಒಲೆಗೆ ಒಮ್ಮೆಗೇ ದೊಡ್ಡ ಉರಿ ಕೂಡದು. ದಿನಾ ಸಣ್ಣ ಬೆಂಕಿ ಹಾಕಿ, ಗೋಡೆಯ ತೇವ ಹಬೆಯಾಗಿ ಹೋಗುವ ತನಕ ಬರಿ ನೀರು ಕಾಸಬೇಕು. ಈ ನೀರಿಗೇ ಹೊಸ ಕಡಾಯಿಯ ಎಣ್ಣೆಯ ಜಿಡ್ಡು ಬಿಡುತ್ತದೆ. ಕಡಾಯಿ ಖಾಲಿಯಿರುವಾಗ ಕೆಳಗೆ ಕೆಂಡ ಇರಬಾರದು, ಇದು ಕೆನಡಾದವರಿಗೂ ನಮಗೂ ಒಂದೇ ನೇಮ.

ರಸ ತಿಳಿಯಾಗಲು ಸುಣ್ಣ, ಬೆಂಡಿಗಿಡದ ಅಂಟು, ಮಡ್ಡಿ ತೆಗೆಯುವುದು, ನೊರೆ ಉಕ್ಕಿದರೆ ನಾಲ್ಕು ಹನಿ ಶೇಂಗಾ ಎಣ್ಣೆ, ಇವೆಲ್ಲ ಗೊತ್ತಿದ್ದದ್ದೇ. ಗೊತ್ತಿಲ್ಲದೆ ಕಾಡಿದ್ದು ನೀರು. ನಮ್ಮಲ್ಲಿ ಕೆಲವು ಬೋರಿನ ನೀರು ಸವಳು. ಆ ನೀರುಂಡ ಕಬ್ಬಿನ ಬೆಲ್ಲ ನಾಲಿಗೆಗೆ ಉಪ್ಪುಪ್ಪು, ಅಚ್ಚಿನಲ್ಲಿ ಗಟ್ಟಿಯಾಗಿ ನಿಲ್ಲುವುದೂ ಇಲ್ಲ, ತೇವ ಎಳೆದುಕೊಂಡು ಬೆವರುತ್ತದೆ. ಇದಕ್ಕೆ ಒಲೆಯಲ್ಲಿ ಮದ್ದಿಲ್ಲ. ಅದನ್ನು ಅಚ್ಚಿಗೆ ಹಾಕದೆ ತೆಳು ಜೋನಿ ಬೆಲ್ಲ ಮಾಡಿ, 105–106 ಡಿಗ್ರಿಗೇ ಇಳಿಸಿಬಿಡುವುದು ಮೇಲು. ವ್ಯಾಪಾರಿಗಳಿಗೆ ಬೇಕಾದ ಹಳದಿ ಬಣ್ಣಕ್ಕೆ ಹೈಡ್ರೋಸ್ ಎಂಬ ಗಂಧಕದ ಅಂಶದ ಪುಡಿ ಸುರಿಯುವವರಿದ್ದಾರೆ. ಬೆಲ್ಲದಲ್ಲಿ ಗಂಧಕದ ಡೈಆಕ್ಸೈಡ್ 70 ಪಿಪಿಎಂ ಮೀರಬಾರದೆಂಬ ಕಾಯ್ದೆಯಿದೆ, ಅಳೆಯುವವರು ಕಾಣೆ. ನನ್ನ ಕಂದು ಬೆಲ್ಲವನ್ನು ಪೇಟೆಯವರು ಮೂಗು ಮುರಿದು ಬಿಟ್ಟರು. ಜಾತ್ರೆಯ ದಾಸೋಹಕ್ಕೆ ಮಾದಲಿ ಮಾಡುವ ಮನೆಗಳವರು ಬಂದು ಒಯ್ದರು.

ಮುಂಗಾರಿಗೆ ಮೊದಲು ಬೂದಿ ಪೂರಾ ಬಳಿದು ಹೊಲಕ್ಕೆ ಚೆಲ್ಲಬೇಕು, ಸಳಿ ಎತ್ತಿಡಬೇಕು. ಒದ್ದೆ ಬೂದಿ ಕಬ್ಬಿಣ ತಿನ್ನುತ್ತದೆ. ಚಿಮಣಿಯ ಬಾಯಿಗೆ ತಗಡು ಹೊದಿಸಬೇಕು. ಮತ್ತೆ ಗಾಣ ಹೂಡುವ ಹೊತ್ತಿಗೆ ಗೋಡೆಯ ಬಿರುಕಿಗೆ ಮಸಾರಿ ಮಣ್ಣು ಮೆತ್ತಿ, ಬರಿ ನೀರಿಟ್ಟು, ಸಣ್ಣ ಬೆಂಕಿಯಿಂದಲೇ ಶುರು.